ಒಂದು ಕಾರು, ಮೂರು ಲಿಸ್ಟಿಂಗ್: ಹಳೆಯ 240ಝಡ್ ಹುಡುಕಾಟದ ಪ್ರಕರಣ ಅಧ್ಯಯನ

ಎರಡು ವರ್ಷದೊಳಗೆ ಒಂದೇ ಕಾರು ಮೂರು ಕಡೆ ಮಾರಾಟಕ್ಕೆ ಬಂತು. ಮೊದಲ ಸಲ ಬಂದಾಗ ಅದು ಎಷ್ಟು ಓಡಿದೆ ಎಂದು ಯಾರಿಗೂ ಗೊತ್ತಿಲ್ಲದ ಕಾರು. ಮೂರನೆಯ ಸಲ ಬರುವ ಹೊತ್ತಿಗೆ ಬರೀ 43 ಸಾವಿರ ಮೈಲಿ ಓಡಿದ ಕಾರು. ಬಣ್ಣದ ಕತೆಯೂ ನಡುವೆ ಎಲ್ಲೋ ಬದಲಾಗಿತ್ತು. ಈ ವ್ಯತ್ಯಾಸ ಹಿಡಿದವನು ನನ್ನ ಗೆಳೆಯ. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಅವನಿಗೆ ಕಾರುಗಳ ವಿಷಯದಲ್ಲಿ ವಿಶೇಷ ಪಾಂಡಿತ್ಯವೇನೂ ಇಲ್ಲ. ಇದ್ದದ್ದು ಒಂದು ಸ್ಪ್ರೆಡ್‌ಶೀಟ್, ಮತ್ತು ಅದನ್ನು ಬರೆಯುವುದರಲ್ಲಿ ಬಹಳ ತಡವಾಗಿ ಹತ್ತಿದ ಒಂದು ಶಿಸ್ತು. ಆ ಶೀಟು, ಅವನು ಉಳಿಸಿಟ್ಟ ಪುಟಗಳು, ನಾವಿಬ್ಬರು ಫೋನಿನಲ್ಲಿ ಮಾಡಿದ ವಾದ, ಇವನ್ನು ಮುಂದಿಟ್ಟುಕೊಂಡು ಪ್ರಕರಣವನ್ನು ಬರೆಯುತ್ತಿದ್ದೇನೆ. ಮಾರಿದವರ ಹೆಸರು, ಆ ಕಾರು ಬಂದ ತಾಣಗಳ ಹೆಸರು, ಆ ಕಾರಿನ ಪೂರ್ತಿ ಸಂಖ್ಯೆ, ಅವನ ಬಜೆಟ್ಟು ಇಲ್ಲಿ ಬರುವುದಿಲ್ಲ.

ಬೇಕಿದ್ದ ಕಾರು

ಡಾಟ್ಸನ್ 240ಝಡ್ ನಿಸಾನ್ ಕಂಪನಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು. 1969ರ ಕೊನೆಗೆ ಬೆಳಕಿಗೆ ಬಂದು 1973ರವರೆಗೆ ಅಮೆರಿಕದಲ್ಲಿ ಮಾರಾಟವಾಯಿತು. 2.4 ಲೀಟರಿನ ಆರು ಸಿಲಿಂಡರ್ ಎಂಜಿನ್, ಬಿಡುಗಡೆಯ ಹೊತ್ತಿನ ಬೆಲೆ 3,526 ಡಾಲರ್. ಆ ಬೆಲೆಗೆ ಅಂಥ ಓಟ ಕೊಡುವ ಕಾರು ಬೇರೆ ಇರಲಿಲ್ಲವಾದ್ದರಿಂದ ಜನ ಮುಗಿಬಿದ್ದು ಕೊಂಡರು, ಕೊಂಡವರು ಬಿಡದೆ ಓಡಿಸಿದರು. ಚಳಿ ಪ್ರಾಂತ್ಯಗಳಲ್ಲಿ ರಸ್ತೆಗೆ ಸುರಿಯುವ ಉಪ್ಪಿಗೆ ಅವು ತುಕ್ಕು ಹಿಡಿದು ಹೋದವು. ಬ್ಯಾಟರಿ ಕೂರುವ ತಟ್ಟೆ, ಕಾಲ ಕೆಳಗಿನ ನೆಲ, ಅದರಡಿಯ ಫ್ರೇಮ್ ರೈಲು, ಹಿಂಚಕ್ರದ ಮುಂದಿನ ಮೂಲೆ, ಈ ಜಾಗಗಳಲ್ಲಿ ತುಕ್ಕಿಲ್ಲದ ಕಾರು ಸಿಕ್ಕರೆ ಪುಣ್ಯ.

ಗೆಳೆಯನಿಗೆ ಬೇಕಿದ್ದುದು 1970ರಿಂದ 72ರ ಒಳಗಿನದು. 1973ರ ಕಾರುಗಳಿಗೆ ಹೊಗೆ ನಿಯಮಗಳ ಕಾರಣಕ್ಕೆ ಬೇರೆ ಕಾರ್ಬ್ಯುರೇಟರ್ ಬಂತು. ಸೆಕೆಗೆ ತಕರಾರು ಮಾಡುತ್ತವೆ ಎಂದು ಎಷ್ಟೋ ಮಾಲೀಕರು ಅವನ್ನು ಕಿತ್ತು ಹಿಂದಿನ ವರ್ಷಗಳ ಗುಂಡು ತಲೆಯ ಜೋಡಿಯನ್ನೇ ಹಾಕಿಕೊಂಡಿದ್ದಾರೆ. ಪ್ರದರ್ಶನಕ್ಕಿಡುವ ಕಾರು ಅವನಿಗೆ ಬೇಡ. ಭಾನುವಾರ ಓಡಿಸಬೇಕು, ಕಾರಿನ ಜೊತೆಗೇ ಬಂದ ಎಂಜಿನ್ ಇರಬೇಕು, ತುಕ್ಕು ಕೈಮೀರಿರಬಾರದು. ಇಷ್ಟೇ.

ಲಿಂಕುಗಳ ರಾಶಿ

ಶುರುವಿನಲ್ಲಿ ಅವನು ಎಲ್ಲರೂ ಮಾಡುವುದನ್ನೇ ಮಾಡಿದ. ಇಬೇ, ಹೆಮ್ಮಿಂಗ್ಸ್, ಬ್ರಿಂಗ್ ಎ ಟ್ರೇಲರ್, ಕ್ರೇಗ್ಸ್‌ಲಿಸ್ಟ್, ಹೀಗೆ ಹಳೆಯ ಕಾರು ಸಿಗುವ ಎಲ್ಲ ತಾಣಗಳಲ್ಲಿ ಹುಡುಕಾಟವನ್ನು ಉಳಿಸಿಟ್ಟು ಮೇಲ್ ಬರುವಂತೆ ಮಾಡಿಕೊಂಡ. ಕಾರ್ಸ್ ಅಂಡ್ ಬಿಡ್ಸ್ ತಾಣವನ್ನೂ ಸೇರಿಸಿದ್ದ. ಆ ತಾಣ 2020ರಲ್ಲಿ ಶುರುವಾದದ್ದೇ 1980ರ ದಶಕದಿಂದ ಈಚಿನ ಕಾರುಗಳಿಗಾಗಿ, ಅಲ್ಲಿ 240ಝಡ್‌ಗೆ ಕಾಯುವುದೆಂದರೆ ಬಸ್ಸು ಬಾರದ ನಿಲ್ದಾಣದಲ್ಲಿ ನಿಂತ ಹಾಗೆ. ಯಾವ ತಾಣದಲ್ಲಿ ಯಾವ ಕಾಲದ ಕಾರು ಬರುತ್ತದೆ ಎಂಬುದನ್ನು ಮೊದಲು ನೋಡಿಕೊಂಡರೆ ಅರ್ಧ ಮೇಲುಗಳು ತಾನಾಗಿ ನಿಲ್ಲುತ್ತವೆ.

ಬ್ರಿಂಗ್ ಎ ಟ್ರೇಲರ್‌ನ ಕತೆ ಇಲ್ಲಿ ಪ್ರಸ್ತುತ. 2007ರಲ್ಲಿ ಅದು ಹರಾಜು ಕಟ್ಟೆಯಾಗಿ ಹುಟ್ಟಲಿಲ್ಲ. ಎಲ್ಲೆಲ್ಲೋ ಬಿದ್ದಿದ್ದ ಒಳ್ಳೆಯ ಜಾಹೀರಾತುಗಳನ್ನು ಆರಿಸಿ ಒಂದೆಡೆ ತೋರಿಸುವುದಷ್ಟೇ ಅದರ ಕೆಲಸವಾಗಿತ್ತು. 2014ರಲ್ಲಿ ಸ್ವಂತ ಹರಾಜು ಶುರುಮಾಡಿತು, 2020ರಲ್ಲಿ ಹರ್ಸ್ಟ್ ಕಂಪನಿ ಕೊಂಡುಕೊಂಡಿತು. ಚದುರಿ ಬಿದ್ದ ಜಾಹೀರಾತುಗಳನ್ನು ಹಿಂಬಾಲಿಸುವ ಕಷ್ಟದಿಂದಲೇ ಒಂದು ದೊಡ್ಡ ವ್ಯಾಪಾರ ಹುಟ್ಟಿತೆಂದರೆ ಆ ಕಷ್ಟ ಗೆಳೆಯನೊಬ್ಬನದೇ ಅಲ್ಲ ಎಂದಾಯಿತು.

ಕೆಲವು ತಿಂಗಳಲ್ಲಿ ಅವನ ಬಳಿ ಲಿಂಕುಗಳ ರಾಶಿ ಬಿದ್ದಿತ್ತು. ಅರ್ಧಕ್ಕರ್ಧ ಸತ್ತ ಲಿಂಕುಗಳು. ಇಬೇಯಲ್ಲಿ ಮುಗಿದ ಹರಾಜುಗಳನ್ನು ಹುಡುಕಲು ಸಿಗುವುದು ಸುಮಾರು 90 ದಿನ. ಬಿಡಿ ಜಾಹೀರಾತುಗಳನ್ನಂತೂ ಹಾಕಿದವರು ಮಾರಿದ ದಿನವೇ ಅಳಿಸುತ್ತಾರೆ. ಉಳಿದ ಸಾಲುಗಳಲ್ಲಿ ಒಂದೇ ಕಾರು ನಾಲ್ಕಾರು ಸಲ ಬಂದಿರುವುದು ಅವನಿಗೇ ಗೊತ್ತಿರಲಿಲ್ಲ. ಹೆಸರುಗಳ ಗೊಂದಲ ಬೇರೆ. ಕೆಲವರು 240 ಮತ್ತು ಝಡ್ ನಡುವೆ ಜಾಗ ಬಿಡುತ್ತಾರೆ, ಕೆಲವರು ಡಾಟ್ಸನ್ ಪದದ ಕಾಗುಣಿತವನ್ನೇ ತಪ್ಪಿಸುತ್ತಾರೆ, ಕೆಲವರು ನಿಸಾನ್ ಎಂದೇ ಬರೆಯುತ್ತಾರೆ. ಹಾಗೆ ತಪ್ಪಾಗಿ ಬರೆದ ಲಿಸ್ಟಿಂಗಿಗೆ ಬರುವ ಗಿರಾಕಿಗಳು ಕಡಿಮೆ ಎಂಬ ಕಾರಣಕ್ಕೆ ತಪ್ಪು ಕಾಗುಣಿತಗಳನ್ನೂ ಹುಡುಕಾಟಕ್ಕೆ ಸೇರಿಸುವಂತೆ ಅವನಿಗೆ ಹೇಳಿದೆ.

ಎಲ್ಲವನ್ನೂ ತಾನಾಗಿ ಎಳೆದು ತರುವ ಪ್ರೋಗ್ರಾಮನ್ನೂ ಅವನು ಬರೆದ, ಕಸುಬು ಬಿಡುತ್ತದೆಯೇ. ಒಂದು ತಾಣ ಪುಟದ ವಿನ್ಯಾಸ ಬದಲಿಸಿದ ವಾರ ಅದು ಕೆಟ್ಟಿತು. ಇಂಥ ಎಳೆತವನ್ನು ಹಲವು ತಾಣಗಳ ನಿಯಮಗಳು ಒಪ್ಪುವುದೂ ಇಲ್ಲ. ಆಮೇಲೆ ಮೇಲ್ ಎಚ್ಚರಿಕೆ ಮತ್ತು ಕೈಬರಹಕ್ಕೇ ಮರಳಿದ. ನನ್ನ ಅಭಿಪ್ರಾಯದಲ್ಲಿ ಇದು ಹಿನ್ನಡೆಯಲ್ಲ. ತಿಂಗಳಿಗೆ ನೋಡಲೇಬೇಕಾದ ಕಾರುಗಳು ಬೆರಳೆಣಿಕೆಯಷ್ಟು. ಅವುಗಳ ಫೋಟೋಗಳನ್ನು ಕಣ್ಣಿಟ್ಟು ನೋಡದೆ ದಾಖಲಿಸಿ ಏನೂ ಪ್ರಯೋಜನವಿಲ್ಲ.

ಸಾಲು ಯಾವುದರ ಹೆಸರಿನಲ್ಲಿ?

ಶೀಟು ಸರಿದಾರಿಗೆ ಬಂದದ್ದು ಒಂದೇ ಬದಲಾವಣೆಯಿಂದ. ಅಲ್ಲಿಯವರೆಗೆ ಪ್ರತಿ ಸಾಲೂ ಒಂದು ಲಿಂಕು. ಆಮೇಲೆ ಪ್ರತಿ ಸಾಲೂ ಒಂದು ಚಾಸಿ ನಂಬರು. ಆ ಕಾರು ಕಾಣಿಸಿಕೊಂಡ ಪ್ರತಿ ಸಲದ ವಿವರ ಆ ನಂಬರಿನ ಕೆಳಗೆ: ಎಲ್ಲಿ, ಯಾವಾಗ, ಯಾರ ಕೈಯಿಂದ, ಓಡೋಮೀಟರಿನಲ್ಲಿ ಎಷ್ಟು, ಕೊನೆಗೆ ಏನಾಯಿತು.

ಇದು ಹಳೆಯ ಕಾರುಗಳಲ್ಲಿ ಇನ್ನೂ ಮುಖ್ಯವಾಗಲು ಕಾರಣವಿದೆ. ಅಮೆರಿಕದಲ್ಲಿ 17 ಅಕ್ಷರಗಳ ಏಕರೂಪದ ವಾಹನ ಸಂಖ್ಯೆ ಬಂದದ್ದು 1981ರ ಮಾದರಿ ವರ್ಷದಿಂದ. ಕಾರ್‌ಫ್ಯಾಕ್ಸ್‌ನಂಥ ಸೇವೆಗಳು ಆ 17 ಅಕ್ಷರಗಳನ್ನು ಹಿಡಿದೇ ಕಾರಿನ ಇತಿಹಾಸ ತೆಗೆಯುವುದು. ಅದಕ್ಕೂ ಹಿಂದಿನ ಕಾರಿನ ಗಿಡ್ಡ ನಂಬರನ್ನು ಕೊಟ್ಟರೆ ಅಲ್ಲಿ ಏನೂ ಹುಟ್ಟುವುದಿಲ್ಲ. ಮೈಲಿಯ ವಿಷಯದಲ್ಲಿ ಕಾನೂನಿನ ಆಸರೆಯೂ ಇಲ್ಲ, ಏಕೆಂದರೆ ಮಾರುವಾಗ ಓಡೋಮೀಟರ್ ಅಂಕಿಯನ್ನು ಬರೆದು ಕೊಡಬೇಕೆಂಬ ಕೇಂದ್ರ ನಿಯಮದಿಂದ ಇಷ್ಟು ಹಳೆಯ ಕಾರುಗಳಿಗೆ ವಿನಾಯಿತಿ ಇದೆ. ಹಾಗಾಗಿ 1971ರ ಕಾರೊಂದರ ಈಚಿನ ಚರಿತ್ರೆ ಎಲ್ಲಾದರೂ ಇದ್ದರೆ ಅದು ಹಳೆಯ ಲಿಸ್ಟಿಂಗುಗಳಲ್ಲಿ, ಬಿಲ್ಲುಗಳಲ್ಲಿ, ಯಾರದೋ ನೆನಪಿನಲ್ಲಿ. ಲಿಸ್ಟಿಂಗ್ ಉಳಿಸಿಕೊಂಡವನ ಬಳಿ ಅಷ್ಟರಮಟ್ಟಿಗೆ ಚರಿತ್ರೆ ಇದೆ.

ಅಮೆರಿಕಕ್ಕೆ ಬಂದ 240ಝಡ್‌ಗಳ ನಂಬರು ಎಚ್‌ಎಲ್‌ಎಸ್30 ಎಂದು ಶುರುವಾಗುತ್ತದೆ. ಎಸ್30 ಎಂದರೆ ಆ ಸರಣಿ, ಎಲ್ ಎಂದರೆ ಎಡಗಡೆಯ ಸ್ಟಿಯರಿಂಗ್. ಆದರೆ ಬರೀ ಮೊದಲ ಅಕ್ಷರಗಳನ್ನು ನಂಬಿದರೆ ಮೋಸ ಹೋಗುವುದು ಖಂಡಿತ. 1974ರ 260ಝಡ್‌ಗೆ ಆರ್‌ಎಲ್‌ಎಸ್30 ಕೊಟ್ಟ ಕಂಪನಿ 1975ರಿಂದ ಬಂದ 280ಝಡ್‌ಗೆ ಮತ್ತೆ ಎಚ್‌ಎಲ್‌ಎಸ್30 ಹಾಕಿತು. 280ಝಡ್‌ಗೆ 240ಝಡ್‌ನ ತೆಳ್ಳನೆಯ ಬಂಪರು, ಲಾಂಛನ ಅಂಟಿಸಿ ನಿಲ್ಲಿಸಿದ ಉದಾಹರಣೆಗಳಿವೆ. ಅದಕ್ಕೇ ಪೂರ್ತಿ ಅಂಕಿ ಬೇಕು, ಬಾಗಿಲ ಸಂದಿಯ ತಗಡಿನ ಮೇಲೆ ಒತ್ತಿದ ತಿಂಗಳು-ವರ್ಷ ಬೇಕು. ನಂಬರು ಡ್ಯಾಶ್‌ಬೋರ್ಡಿನ ಮೇಲಿನ ತಗಡಿನಲ್ಲಿದೆ, ಎಂಜಿನ್ ಕೋಣೆಯ ಹಿಂಗೋಡೆಯ ಮೇಲೆ ನೇರ ಒತ್ತಿದ್ದಾರೆ, ಎಂಜಿನ್ ಕೋಣೆಯ ಇನ್ನೊಂದು ತಗಡಿನಲ್ಲಿ ಎಂಜಿನ್ ಸಂಖ್ಯೆಯ ಜೊತೆಗೂ ಇದೆ. ಇವೆಲ್ಲದರ ಫೋಟೋ ಇರುವ ಲಿಸ್ಟಿಂಗಿಗೂ ಒಂದರದೂ ಇಲ್ಲದ ಲಿಸ್ಟಿಂಗಿಗೂ ಅವನು ಶೀಟಿನಲ್ಲಿ ಬೇರೆ ಬೇರೆ ಬಣ್ಣ ಹಾಕಿದ.

ಮಾರುವವರು ನಂಬರು ಮುಚ್ಚಿಟ್ಟರೆ? ಆಗ ಗಾಯದ ಗುರುತು. ಈ ಕಾರುಗಳ ಡ್ಯಾಶ್‌ಬೋರ್ಡು ಬಿಸಿಲಿಗೆ ಬಿರಿಯುವುದು ಪ್ರಸಿದ್ಧ, ಮತ್ತು ಒಂದರ ಬಿರುಕು ಇನ್ನೊಂದರಂತೆ ಇರುವುದಿಲ್ಲ. ರೇಡಿಯೊ ಸುತ್ತ ಯಾರೋ ಕೊರೆದ ರಂಧ್ರ, ಸೀಟಿನ ಹೊಲಿಗೆ, ಹಿಂಬಾಗಿಲಿನ ಒಳಬದಿಯ ಗೀರು, ಇವನ್ನೆಲ್ಲ ಅವನು ಎರಡು ಮೂರು ಪದಗಳಲ್ಲಿ ಬರೆದಿಡುತ್ತಿದ್ದ. ಜೊತೆಗೆ ಪುಟವನ್ನು ಪಿಡಿಎಫ್ ಆಗಿ, ಫೋಟೋಗಳನ್ನು ಬೇರೆಯಾಗಿ, ನಂಬರಿನ ಹೆಸರಿನ ಫೋಲ್ಡರಿನಲ್ಲಿ. ತಾಣ ಉಳಿಸಿಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಏನನ್ನೂ ಬಿಡಲಿಲ್ಲ.

ಬೆಲೆಯಲ್ಲದ ಬೆಲೆ

ಎರಡನೆಯ ತೊಡಕು ಬೆಲೆಯದು. ಮೊದಲ ಶೀಟಿನಲ್ಲಿ ಬೆಲೆ ಎಂಬ ಒಂದೇ ಅಂಕಣವಿತ್ತು. ಮಾರಾಟವಾದ ಮೊತ್ತ, ರಿಸರ್ವ್ (ಇದಕ್ಕಿಂತ ಕಡಿಮೆಗೆ ಕೊಡೆನೆಂದು ಮಾಲೀಕ ಮೊದಲೇ ಇಟ್ಟ ಬೆಲೆ) ಮುಟ್ಟದೆ ನಿಂತ ಬಿಡ್, ವ್ಯಾಪಾರಿ ಕೇಳುತ್ತಿರುವ ಮೊತ್ತ, ಎಲ್ಲ ಅದರಲ್ಲೇ. ಆ ಅಂಕಣದ ಸರಾಸರಿಗೆ ಅರ್ಥವೇ ಇಲ್ಲ. ಕೇಳುವ ಬೆಲೆ ಮಾರುವವನ ಆಸೆ. ಮಾರಾಟವಾದ ಮೊತ್ತ ಇಬ್ಬರು ಕೈಕುಲುಕಿದ್ದು. ರಿಸರ್ವ್ ಮುಟ್ಟದ ಬಿಡ್ ಇವೆರಡಕ್ಕಿಂತ ಸೂಕ್ಷ್ಮ: ಇಷ್ಟು ಕೊಡಲು ಒಬ್ಬ ತಯಾರಿದ್ದ, ಇಷ್ಟಕ್ಕೆ ಕೊಡಲು ಮಾಲೀಕ ತಯಾರಿರಲಿಲ್ಲ. ಮಾರಾಟದ ಬೆಲೆಯ ಲೆಕ್ಕದಿಂದ ಅದನ್ನು ಹೊರಗಿಡಬೇಕು, ಆದರೆ ಎಸೆಯಬಾರದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಮಾರಾಟವಾಗದ ಕಾರು ಮತ್ತೆ ಎಲ್ಲೋ ಬಂದೇ ಬರುತ್ತದೆ. ಬಂದಾಗ ಹಿಂದಿನ ಬಿಡ್ ಎಷ್ಟಕ್ಕೆ ನಿಂತಿತ್ತು ಎಂದು ಗೊತ್ತಿರುವವನ ಮಾತಿಗೆ ತೂಕ ಜಾಸ್ತಿ.

ಹೀಗೆ ಸ್ಥಿತಿಯ ಅಂಕಣ ಹುಟ್ಟಿತು: ನಡೆಯುತ್ತಿದೆ, ಮಾರಿತು, ರಿಸರ್ವ್ ಮುಟ್ಟಲಿಲ್ಲ, ಹಿಂತೆಗೆದರು, ಮಾಯ. ಕೊನೆಯದು ಅವನದೇ ಪದ. ಫಲಿತಾಂಶ ತಿಳಿಯದೆ ಕಣ್ಮರೆಯಾದವು ಅಲ್ಲಿಗೆ. ಮಾಯವಾದದ್ದನ್ನು ಮಾರಾಟವಾಯಿತೆಂದು ಊಹಿಸಿ ಬರೆಯುವುದಕ್ಕಿಂತ ಮಾಯ ಎಂದೇ ಬರೆಯುವುದು ಪ್ರಾಮಾಣಿಕ.

ಇನ್ನೊಂದು ಎಡವಟ್ಟು ದೊಡ್ಡ ಮೊತ್ತದ್ದು. 2020ರ ಜನವರಿಯಲ್ಲಿ ಬ್ರಿಂಗ್ ಎ ಟ್ರೇಲರ್‌ನಲ್ಲಿ ಒಂದು 240ಝಡ್ 3,10,000 ಡಾಲರಿಗೆ ಹೋಯಿತು. ತೀರಾ ಕಡಿಮೆ ಓಡಿದ, ಹುಟ್ಟಿದಾಗ ಹೇಗಿತ್ತೋ ಹಾಗೇ ಉಳಿದ ಕಾರು. ಅದಾದ ಮೇಲೆ ಕೊಟ್ಟಿಗೆಯಲ್ಲಿ ಕೊಳೆಯುತ್ತಿದ್ದ ಕಾರಿನ ಮಾಲೀಕನೂ ಆ ಅಂಕಿಯನ್ನು ತನ್ನ ಜಾಹೀರಾತಿನಲ್ಲಿ ಎತ್ತಿ ಆಡುವಂತಾಯಿತು. ಗೆಳೆಯನೂ ಆ ಮೊತ್ತವನ್ನು ಸರಾಸರಿಗೆ ಸೇರಿಸಿ, ತನಗಿದು ನಿಲುಕದ ಕಾರು ಎಂದು ಒಂದಷ್ಟು ದಿನ ಕೈಚೆಲ್ಲಿದ್ದ. ಸರಾಸರಿ ಬಿಟ್ಟು ಮಧ್ಯಾಂಕ (ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದು) ತೆಗೆದುಕೊಂಡ ಮೇಲೆ, ಹಳೆಯ ಕಾರುಗಳಿಗೆ ವಿಮೆ ಕೊಡುವ, ಬೆಲೆ ಕಟ್ಟುವ ಹ್ಯಾಗರ್ಟಿ ಸಂಸ್ಥೆ ಬಳಸುವ 1ರಿಂದ 4ರ ದರ್ಜೆಗಳಂತೆ ಕಾರುಗಳನ್ನು ವಿಂಗಡಿಸಿದ ಮೇಲೆ ಚಿತ್ರ ತಿಳಿಯಾಯಿತು. 1 ಎಂದರೆ ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವ ಕಾರು, 4 ಎಂದರೆ ಓಡುತ್ತದೆ, ಕುಂದುಗಳು ಎದ್ದು ಕಾಣುತ್ತವೆ. ಅವನಿಗೆ ಬೇಕಿದ್ದುದು 3. ದರ್ಜೆ ಕೊಡುವಾಗ ಮಾರುವವನ ಮಾತಿಗಿಂತ ಒಂದು ಮೆಟ್ಟಿಲು ಕೆಳಗೆ ಕೊಡುವುದು ಅವನ ರೂಢಿ. ಅದೂ ಕೆಲವೊಮ್ಮೆ ಉದಾರವೇ ಆಯಿತು ಎನ್ನುತ್ತೇನೆ ನಾನು.

ಹರಾಜಿನ ಮೊತ್ತವೇ ಕೈಯಿಂದ ಹೋಗುವ ಮೊತ್ತವೂ ಅಲ್ಲ. ಗೆದ್ದವರಿಂದ ತಾಣಗಳು ಶುಲ್ಕ ಪಡೆಯುತ್ತವೆ. ಬ್ರಿಂಗ್ ಎ ಟ್ರೇಲರ್‌ನಲ್ಲಿ ಅದು ಬಿಡ್‌ನ 5%, ಒಂದು ಗರಿಷ್ಠ ಮಿತಿಯೊಳಗೆ. ಸಾಗಣೆ, ತೆರಿಗೆ ಬೇರೆ. ಶುಲ್ಕ ಸೇರಿದ ಅಂಕಿಯನ್ನು ಪ್ರತ್ಯೇಕ ಅಂಕಣದಲ್ಲಿ ಬರೆಯದೆ ಒಂದು ತಾಣದ ಮಾರಾಟವನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ.

ಮೂರು ಸಲ ಬಂದ ಕಾರು

ಈಗ ಆ ಕಾರು. ಮೊದಲ ಸಲ ಅದು ಬಂದದ್ದು ಒಂದು ಹರಾಜು ತಾಣದಲ್ಲಿ, ಬಹುಕಾಲ ಇಟ್ಟುಕೊಂಡಿದ್ದ ಮಾಲೀಕನ ಕುಟುಂಬದಿಂದ. ಬಣ್ಣ ಕಿತ್ತಳೆ. ಓಡೋಮೀಟರು 42 ಸಾವಿರ ಚಿಲ್ಲರೆ ತೋರಿಸುತ್ತಿತ್ತು, ನಿಜವಾಗಿ ಎಷ್ಟು ಓಡಿದೆ ಗೊತ್ತಿಲ್ಲ ಎಂದು ಲಿಸ್ಟಿಂಗೇ ಒಪ್ಪಿಕೊಂಡಿತ್ತು. ಹರಾಜು ರಿಸರ್ವ್ ಮುಟ್ಟದೆ ನಿಂತಿತು. ಗೆಳೆಯ ಆಗ ಬಿಡ್ ಹಾಕಿರಲಿಲ್ಲ. ನಂಬರು ಬರೆದು, ಪುಟ ಉಳಿಸಿ, ಮುಂದೆ ಹೋಗಿದ್ದ.

ಎರಡನೆಯ ಸಲ ಒಬ್ಬ ವ್ಯಾಪಾರಿಯ ಜಾಹೀರಾತಿನಲ್ಲಿ, ಹಿಂದೆ ನಿಂತ ಬಿಡ್‌ಗಿಂತ ಎಷ್ಟೋ ಹೆಚ್ಚಿನ ಬೆಲೆಗೆ. ಮೈಲಿ ಗೊತ್ತಿಲ್ಲ ಎಂಬ ಸಾಲು ಅಲ್ಲಿರಲಿಲ್ಲ. ಓಡೋಮೀಟರಿನ ಅಂಕಿಯನ್ನಷ್ಟೇ ಕೊಟ್ಟಿದ್ದರು. ಸ್ವಲ್ಪ ಕಾಲ ಇದ್ದು ಮಾಯ.

ಮೂರನೆಯ ಸಲ ಬೇರೆ ಹರಾಜು ತಾಣ, ಬೇರೆ ಮಾರಾಟಗಾರ, ರಿಸರ್ವ್ ಇಲ್ಲದ ಹರಾಜು. ಈಗ ಅದು ಮೂಲ ಬಣ್ಣದ, 43 ಸಾವಿರ ಮೈಲಿ ಮಾತ್ರ ಓಡಿದ ಕಾರು. ನಂಬರು ಶೀಟಿನಲ್ಲಿ ಹಾಕಿದ ಕೂಡಲೇ ಹಳೆಯ ಸಾಲು ಎದ್ದು ಬಂತು. ಅವನು ಮೊದಲ ಫೋಲ್ಡರ್ ತೆರೆದು ಫೋಟೋಗಳನ್ನು ಒಂದೊಂದಾಗಿ ನೋಡಿದ. ಕೊನೆಗೆಲ್ಲೋ ಕಾಗದಪತ್ರಗಳ ಚಿತ್ರಗಳಿದ್ದವು. ಅವುಗಳಲ್ಲಿ 1980ರ ದಶಕದ ಒಂದು ರಿಪೇರಿ ಬಿಲ್ಲು, ಅದರ ಮೂಲೆಯಲ್ಲಿ ಮೆಕ್ಯಾನಿಕ್ ಬರೆದ ಓಡೋಮೀಟರ್ ಅಂಕಿ: ತೊಂಬತ್ತು ಸಾವಿರಕ್ಕೂ ಮೇಲೆ.

240ಝಡ್‌ನ ಓಡೋಮೀಟರಿನಲ್ಲಿ ಇರುವುದು ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆ. ಎಂಬತ್ತರ ದಶಕದಲ್ಲಿ ತೊಂಬತ್ತು ಸಾವಿರ ತೋರಿಸಿದ ಕಾರು ಈಗ 43 ಸಾವಿರ ತೋರಿಸುತ್ತಿದೆಯೆಂದರೆ, ಮಧ್ಯೆ ಮೀಟರ್ ಬದಲಿಸಿರದಿದ್ದರೆ, ಅದು ಓಡಿರುವುದು ಕನಿಷ್ಠ 1,43,000. ಬಣ್ಣದ ವಿಷಯವೂ ಅಷ್ಟೇ. ಮೊದಲ ಲಿಸ್ಟಿಂಗಿನ ಒಂದು ಚಿತ್ರದಲ್ಲಿ ಡ್ಯಾಶ್ ಕೆಳಗಿನ ಲೋಹ ಬಿಳಿ. ಕಿತ್ತಳೆ ಬಳಿದದ್ದು ಆಮೇಲೆ. ಮೂರನೆಯ ಲಿಸ್ಟಿಂಗಿನಲ್ಲಿ ಆ ಚಿತ್ರವೂ ಇಲ್ಲ, ಆ ಬಿಲ್ಲೂ ಇಲ್ಲ.

ಇಲ್ಲಿ ನಮ್ಮಿಬ್ಬರಿಗೆ ವಾದವಾಯಿತು. ಅವನು ಇದನ್ನು ಮೋಸ ಎಂದ. ನನಗೆ ಹಾಗನ್ನಿಸಲಿಲ್ಲ, ಈಗಲೂ ಇಲ್ಲ. ಕುಟುಂಬದವರ ಬಳಿ ಕಾಗದ ಇತ್ತು, ಗೊತ್ತಿಲ್ಲ ಎಂದು ನೇರ ಬರೆದರು. ಕಾಗದದ ಕಟ್ಟು ವ್ಯಾಪಾರಿಯ ಕೈಯಲ್ಲಿ ಎಲ್ಲೋ ಉದುರಿತು, ಜೊತೆಗೆ ಆ ಒಂದು ಸಾಲೂ. ಮೂರನೆಯವನು ಕೊಂಡಾಗ ಅವನ ಕಣ್ಣಿಗೆ ಬಿದ್ದದ್ದು ಮೀಟರಿನ ಅಂಕಿ ಮತ್ತು ಚೆಂದದ ಕಿತ್ತಳೆ ಬಣ್ಣ. ಯಾರೂ ಸುಳ್ಳು ಹೇಳದೆಯೇ ಒಂದು ಲಕ್ಷ ಮೈಲಿ ಅಳಿಸಿಹೋಗಲು ಇಷ್ಟು ಸಾಕು. ಉದ್ದೇಶ ಏನಿತ್ತೆಂದು ಶೀಟು ಹೇಳುವುದಿಲ್ಲ. ಎರಡು ಹೇಳಿಕೆ ಹೊಂದುತ್ತಿಲ್ಲ ಎಂದಷ್ಟೇ ಹೇಳುತ್ತದೆ, ಕೊಳ್ಳುವವನಿಗೆ ಬೇಕಾದದ್ದೂ ಅಷ್ಟೇ.

ಆದ್ದರಿಂದ ಅವನು ಆರೋಪ ಮಾಡದೆ ಪ್ರಶ್ನೆ ಕೇಳಿದ. ಇದೇ ನಂಬರಿನ ಕಾರು ಹಿಂದೆ ಹರಾಜಿಗೆ ಬಂದಿತ್ತು, ಆಗ ಒಂದು ಹಳೆಯ ಬಿಲ್ಲಿನಲ್ಲಿ ಹೀಗಿತ್ತು, ನಿಮ್ಮ ಬಳಿ ಆ ಕಾಗದಗಳಿವೆಯೇ ಎಂದು, ಚಿತ್ರದ ಸಮೇತ. ಮಾರಾಟಗಾರ ಒಂದು ದಿನ ಸುಮ್ಮನಿದ್ದ. ಆಮೇಲೆ ಲಿಸ್ಟಿಂಗಿನಲ್ಲಿ ನಿಜವಾದ ಮೈಲಿ ತಿಳಿದಿಲ್ಲ ಎಂಬ ಸಾಲು ಮರಳಿ ಬಂತು, ಮೂಲ ಬಣ್ಣ ಎಂಬ ಮಾತು ಹೋಯಿತು.

ಕೊನೆಯ ಎರಡು ನಿಮಿಷ

ಇಷ್ಟಾದ ಮೇಲೂ ಕಾರು ಕೆಟ್ಟದ್ದೇನಲ್ಲ. ಫ್ರೇಮ್ ರೈಲುಗಳ ಚಿತ್ರ ಚೆನ್ನಾಗಿತ್ತು, ಎಂಜಿನ್ ಸಂಖ್ಯೆ ತಗಡಿಗೆ ಹೊಂದುತ್ತಿತ್ತು. 43 ಸಾವಿರ ಮೈಲಿಯ ಕಾರಿಗೆ ಕೊಡಬಹುದಾದ ಬೆಲೆಯನ್ನು ಪಕ್ಕಕ್ಕಿಟ್ಟು, 3ನೇ ದರ್ಜೆಯ ಮಾರಾಟಗಳ ಮಧ್ಯಾಂಕದ ಸುತ್ತ, ಶುಲ್ಕ ಕಳೆದು, ಒಂದು ಮಿತಿ ಹಾಕಿಕೊಂಡ. ಮಿತಿಯನ್ನು ಶೀಟಿನಲ್ಲಿ ಬರೆದು ಮುಚ್ಚಿಟ್ಟ.

ಹರಾಜಿನ ಮುಕ್ತಾಯ ಎಲ್ಲ ತಾಣಗಳಲ್ಲೂ ಒಂದೇ ಥರ ಅಲ್ಲ. ಇಬೇಯಲ್ಲಿ ಗಡಿಯಾರ ನಿಂತಿತೆಂದರೆ ನಿಂತಿತು, ಹಾಗಾಗಿ ಕೊನೆಯ ಸೆಕೆಂಡುಗಳಲ್ಲಿ ಬಿಡ್ ಎಸೆಯುವ ಆಟ ಅಲ್ಲಿ ನಡೆಯುತ್ತದೆ. ಬ್ರಿಂಗ್ ಎ ಟ್ರೇಲರ್ ಮಾದರಿಯ ಹರಾಜಿನಲ್ಲಿ ಕೊನೆಯ ಎರಡು ನಿಮಿಷದೊಳಗೆ ಬಿಡ್ ಬಿದ್ದರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಹಿಂದೆ ಸರಿಯುತ್ತದೆ. ಈ ತಾಣದ ಪದ್ಧತಿಯೂ ಅದೇ. ಕ್ಯಾಲೆಂಡರಿನಲ್ಲಿ ಬರೆದ ಮುಕ್ತಾಯದ ಸಮಯ ಅಲ್ಲಿ ಬರೀ ಆರಂಭದ ಸಮಯ. ಇಬ್ಬರು ಜಿದ್ದಿಗೆ ಬಿದ್ದರೆ ಅರ್ಧ ಗಂಟೆ ಎಳೆಯಬಹುದು, ಮತ್ತು ಆ ಅರ್ಧ ಗಂಟೆಯಲ್ಲೇ ಮನುಷ್ಯ ತನ್ನ ಮಿತಿಯನ್ನು ಮರೆಯುವುದು. ಗೆಳೆಯ ಮಿತಿಯವರೆಗೆ ಹೋಗಿ ನಿಂತ. ಇನ್ನಿಬ್ಬರು ಮುಂದುವರಿಸಿದರು, ಕಾರು ಅವರಲ್ಲಿ ಒಬ್ಬರ ಪಾಲಾಯಿತು. ಸ್ಥಿತಿಯ ಅಂಕಣದಲ್ಲಿ ಮಾರಿತು ಎಂದು ಬರೆದು ಅವನು ಫೋನ್ ಮಾಡಿದ. ಬೇಸರವಿತ್ತು, ಸಿಟ್ಟಿರಲಿಲ್ಲ.

ಆಮೇಲೆ

ಕೊಂಡದ್ದು ಬೇರೆ ಕಾರು, 1972ರದು. ಅದೂ ಶೀಟಿನಲ್ಲಿ ಮೊದಲೇ ಇದ್ದ ನಂಬರು. ಹಿಂದೊಮ್ಮೆ ರಿಸರ್ವ್ ಮುಟ್ಟದೆ ನಿಂತಿತ್ತು, ಈಗ ಮಾಲೀಕ ತಾನೇ ಬಿಡಿ ಜಾಹೀರಾತು ಹಾಕಿದ್ದ. ಆಗ ನಿಂತ ಬಿಡ್ ಎಷ್ಟು ಎಂದು ಗೆಳೆಯನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ಮಾಲೀಕನಿಗೂ ತಿಳಿಯಿತು. ಮಾತು ಬೇಗ ಮುಗಿಯಿತು. ಹಣ ಕೊಡುವ ಮುಂಚೆ ಸ್ವತಂತ್ರ ಮೆಕ್ಯಾನಿಕ್ ಒಬ್ಬರಿಂದ ಪರೀಕ್ಷೆ ಮಾಡಿಸಿದ. ಬ್ಯಾಟರಿ ತಟ್ಟೆಯಡಿ ತುಕ್ಕು ಕಂಡಿತು, ಹಳೆಯ ಲಿಸ್ಟಿಂಗಿನ ಚಿತ್ರದಲ್ಲಿ ಇದ್ದಷ್ಟೇ, ಹೆಚ್ಚಿಲ್ಲ. ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡರು.

ಮೇಲ್ ಎಚ್ಚರಿಕೆಗಳನ್ನು ಅವನು ಒಂದನ್ನು ಬಿಟ್ಟು ಎಲ್ಲ ನಿಲ್ಲಿಸಿದ್ದಾನೆ. ಶೀಟನ್ನು ಮಾತ್ರ ಮುಚ್ಚಲಿಲ್ಲ. ಅಮೆರಿಕದಲ್ಲಿ ಹಳೆಯ ಕಾರುಗಳ ವಿಮೆ ಸಾಮಾನ್ಯವಾಗಿ ಒಪ್ಪಿತ ಮೌಲ್ಯದ ಮೇಲೆ ನಡೆಯುತ್ತದೆ. ಕಾರು ಪೂರ್ತಿ ನಾಶವಾದರೆ ಎಷ್ಟು ಕೊಡಬೇಕೆಂಬುದನ್ನು ಕಂಪನಿ ಮತ್ತು ಮಾಲೀಕ ಮೊದಲೇ ಮಾತಾಡಿಕೊಳ್ಳುತ್ತಾರೆ. ಆ ಅಂಕಿಗೆ ಆಧಾರ ಕೇಳಿದಾಗ ಅವನು 3ನೇ ದರ್ಜೆಯ, ಮಾರಿತು ಎಂದು ಬರೆದ ಸಾಲುಗಳನ್ನಷ್ಟೇ ಆರಿಸಿ ಕಳಿಸಿದ. ಒಪ್ಪಿಗೆ ಬಂತು. ಕಿತ್ತಳೆ ಕಾರಿನ ಸಾಲೂ ಅದರಲ್ಲಿತ್ತು, ಮೈಲಿಯ ಅಂಕಣದಲ್ಲಿ 1,43,000 ಮತ್ತು ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯ ಸಮೇತ.